ಔಷಧಿ ಕೆಲಸ ಮಾಡ್ತಿದೆಯಾ, ಕಾಯಿಲೆಯೇ ಮಲಗಿದೆಯಾ?

ಸೀನಿಯರ್‌ಗಳು ಬಿಟ್ಟುಹೋದ ಪ್ರಾಜೆಕ್ಟ್ ಕೋಡಿನಲ್ಲಿ ಒಂದು ಸಾಲು ಇದ್ದೇ ಇರುತ್ತೆ. ಅದು ಏನು ಮಾಡ್ತಿದೆ ಅಂತ ನಮಗ್ಯಾರಿಗೂ ಗೊತ್ತಿಲ್ಲ, ತೆಗೆಯೋಕೆ ಧೈರ್ಯವೂ ಇಲ್ಲ. "ಮುಟ್ಬೇಡ ಮಾರಾಯ, ಹೇಗೋ ನಡೀತಿದೆ" ಅಂತ ಬಿಟ್ಟುಬಿಡ್ತೀವಿ. ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂ.ಎಸ್. ಇರುವವರು ವರ್ಷಗಟ್ಟಲೆ ತೆಗೆದುಕೊಳ್ಳುವ ಔಷಧಿಯದ್ದೂ ಇದೇ ಕಥೆ. ಆದರೆ ಅಲ್ಲಿ ಎಡವಟ್ಟಾದರೆ ಬ್ಯಾಕಪ್ ಇರೋದಿಲ್ಲ.

ನಮ್ಮ ನರತಂತುಗಳಿಗೆ ವೈರಿನ ಇನ್ಸುಲೇಷನ್ ಥರ ಮಯಲಿನ್ ಎಂಬ ಹೊದಿಕೆ ಇದೆ. ಎಂ.ಎಸ್. ಬಂದವರಲ್ಲಿ ರೋಗನಿರೋಧಕ ವ್ಯವಸ್ಥೆಯೇ ಅದರ ಮೇಲೆ ದಾಳಿ ಮಾಡುತ್ತದೆ. ಕಣ್ಣು ಮಂಜಾಗಬಹುದು, ಕಾಲು ಜೋಮು ಹಿಡಿಯಬಹುದು, ನಡಿಗೆ ತಪ್ಪಬಹುದು. ಔಷಧಿ ಕಾಯಿಲೆಯನ್ನು ಗುಣಪಡಿಸುವುದಿಲ್ಲ, ದಾಳಿಗಳನ್ನು ಕಡಿಮೆ ಮಾಡುತ್ತೆ ಅಷ್ಟೆ. ವಯಸ್ಸಾದಂತೆ ದಾಳಿಗಳು ತಾವಾಗಿಯೂ ಕಡಿಮೆಯಾಗುತ್ತವೆ. ಅದೇ ವಯಸ್ಸಿಗೆ ಸೋಂಕಿನ ಭಯ ಜಾಸ್ತಿ, ಕೆಲವು ಔಷಧಿಗಳು ಆ ಭಯವನ್ನು ಇನ್ನೂ ಹೆಚ್ಚಿಸುತ್ತವೆ. ಹಾಗಾದ್ರೆ ನಿಲ್ಲಿಸಬಹುದಾ?

ಅಮೆರಿಕದ ಡಿಸ್ಕೋಮ್ಸ್ ಅಧ್ಯಯನ ಇದನ್ನೇ ಪರೀಕ್ಷಿಸಿತು. ಫಲಿತಾಂಶ ಪ್ರಕಟವಾದದ್ದು 2023ರಲ್ಲಿ. ಭಾಗವಹಿಸಿದ 259 ಮಂದಿಗೂ 55 ದಾಟಿತ್ತು. ಐದು ವರ್ಷದಿಂದ ದಾಳಿ ಇಲ್ಲ, ಮೂರು ವರ್ಷದಿಂದ ಎಂಆರ್‌ಐನಲ್ಲಿ ಹೊಸ ಕಲೆ ಇಲ್ಲ. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಸುಮಾರು ಎರಡು ವರ್ಷದಲ್ಲಿ, ಔಷಧಿ ಮುಂದುವರಿಸಿದ 128 ಜನರಲ್ಲಿ 6 ಮಂದಿಗೆ ದಾಳಿಯೋ ಹೊಸ ಕಲೆಯೋ ಕಾಣಿಸಿತು. ನಿಲ್ಲಿಸಿದ 131 ಜನರಲ್ಲಿ 16 ಮಂದಿಗೆ.

ಶೇಕಡಾ 4.7 ಮತ್ತು 12.2, ವ್ಯತ್ಯಾಸ 7.5. ವ್ಯತ್ಯಾಸ 8ರೊಳಗಿದ್ದರೆ ನಿಲ್ಲಿಸುವುದೂ ಸರಿ ಎನ್ನಬಹುದು ಅಂತ ಮೊದಲೇ ಗೆರೆ ಎಳೆದಿದ್ದರು. ಪಾಸಾಯ್ತಲ್ಲ ಅಂತೀರಾ? ಎರರ್ ಬಾರ್ ನೋಡಿ, ಅದು 15ರವರೆಗೂ ಚಾಚಿಕೊಂಡಿದೆ. ಹಾಗಾಗಿ "ನಿಲ್ಲಿಸಿದರೂ ಅಷ್ಟೇ" ಅಂತ ಸಾಬೀತಾಗಲಿಲ್ಲ. ಲ್ಯಾಬ್ ರೆಕಾರ್ಡಿನಲ್ಲಿ ಎರರ್ ಬಾರನ್ನು ಕಾಟಾಚಾರಕ್ಕೆ ಬರೆಯೋ ನಮ್ಮಂಥವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಇನ್ನೊಂದು ಕಡೆಯಿಂದ ನೋಡಿದರೆ, ಆ 16ರಲ್ಲಿ ಹೆಚ್ಚಿನವು ಎಂಆರ್‌ಐಗೆ ಮಾತ್ರ ಕಂಡ ಕಲೆಗಳು, ರೋಗಿಗೆ ಏನೂ ಅನಿಸಿರಲಿಲ್ಲ.

ನೆದರ್ಲೆಂಡ್ಸಿನಲ್ಲಿ ಇಂಥದೇ ಪ್ರಯೋಗ ನಡೆಯಿತು, ಅಲ್ಲಿ 55ರ ಷರತ್ತು ಇರಲಿಲ್ಲ. ಔಷಧಿ ನಿಲ್ಲಿಸಿದ 45 ಮಂದಿಯಲ್ಲಿ 8 ಜನರಿಗೆ ಕಾಯಿಲೆ ಗಣನೀಯವಾಗಿ ಮರುಕಳಿಸಿತು. ಮುಂದುವರಿಸಿದ 44ರಲ್ಲಿ ಒಬ್ಬರಿಗೂ ಇಲ್ಲ. ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು.

ಯಾವ ಔಷಧಿ ಅನ್ನೋದೂ ಮುಖ್ಯ. ಡಿಸ್ಕೋಮ್ಸ್‌ನಲ್ಲಿದ್ದ ಹೆಚ್ಚಿನವರು ಇಂಟರ್‌ಫೆರಾನ್, ಗ್ಲಾಟಿರಮರ್‌ನಂಥ ಹಳೇ ಇಂಜೆಕ್ಷನ್ ತಗೊಳ್ತಿದ್ದವರು. ನಟಾಲಿಜುಮಾಬ್, ಫಿಂಗೊಲಿಮೋಡ್ ವಿಷಯದಲ್ಲಿ ಅದೇ ಲೆಕ್ಕ ನಡೆಯೋದಿಲ್ಲ. ಇವನ್ನು ದಿಢೀರನೆ ಬಿಟ್ಟರೆ ಕಾಯಿಲೆ ಮೊದಲಿಗಿಂತ ಜೋರಾಗಿ ತಿರುಗಿ ಬೀಳಬಹುದು.

ನಮಗನಿಸುವುದು, 65ರ ಅಜ್ಜಿಗೂ 35ರ ಅಕ್ಕನಿಗೂ ಒಂದೇ ಉತ್ತರ ಕೊಡೋಕಾಗಲ್ಲ. ಅಜ್ಜಿ ತಮ್ಮ ನರರೋಗ ತಜ್ಞರ ಜೊತೆ ಕೂತು ಈ ಮಾತು ಎತ್ತಬಹುದು. ನಿಲ್ಲಿಸೋಣ ಅಂತಾದರೂ ಎಂಆರ್‌ಐ ತಪ್ಪಿಸುವಂತಿಲ್ಲ, ಯಾಕೆಂದರೆ ಹೊಸ ಕಲೆ ಮೂಡಿದ್ದು ಅಜ್ಜಿಗೇ ಗೊತ್ತಾಗದೆ ಹೋಗಬಹುದು.