ಆಟಿಸಂ ಇರುವವರ ಜೊತೆ ಮಾತಾಡುವುದು ಹೇಗೆ?



ಬರುವ ಜೂನ್‌ಗೆ ನನ್ನ ಚಿಕ್ಕಪ್ಪನ ಮಗ ನಮ್ಮ ಶಾಲೆಗೆ ಎಂಟನೇ ಕ್ಲಾಸಿಗೆ ಸೇರುತ್ತಾನೆ. ಅವನಿಗೆ ಆಟಿಸಂ ಇದೆ. ಕನ್ನಡದಲ್ಲಿ ಸ್ವಲೀನತೆ ಎನ್ನುತ್ತಾರೆ. ಊರಲ್ಲಿ ಕೆಲವರು ಅವನನ್ನು ಕಿವುಡ ಅಂತಾರೆ, ಇನ್ನು ಕೆಲವರು ಸೊಕ್ಕಿನವನು ಅಂತಾರೆ. ಅವನು ಎರಡೂ ಅಲ್ಲ. ಅದಕ್ಕೇ ಈ ತಿಂಗಳು ಇದನ್ನು ಬರೆದಿದ್ದೇನೆ.

ಆಟಿಸಂ ಅಂಟುರೋಗವಲ್ಲ. ಮೆದುಳು ಬೆಳೆಯುವ ರೀತಿಯೇ ಬೇರೆ, ಅಷ್ಟೆ. 1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ ಇಂಥ 11 ಮಕ್ಕಳ ಬಗ್ಗೆ ವಿವರವಾಗಿ ಬರೆದರು. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಇದೂ ಒಂದು.

ಮುಖ್ಯವಾದದ್ದು ಕಾಯುವುದು. ನಾವು ಒಂದೇ ಉಸಿರಿಗೆ "ಎಲ್ಲಿಗೆ ಹೊರಟೆ? ಯಾರ ಜೊತೆ? ಅಪ್ಪ ಬಂದ್ರಾ?" ಅಂತೀವಿ. ಅವನು ಮೊದಲನೆಯದಕ್ಕೆ ಉತ್ತರ ಜೋಡಿಸುತ್ತಿರುವಾಗ ಮೂರನೆಯದು ಬಂದರೆ ಎಲ್ಲಾ ಕಲಸುಮೇಲೋಗರ. ನಾನು ಒಂದೇ ಪ್ರಶ್ನೆ ಕೇಳಿ ಮನಸ್ಸಲ್ಲೇ ಹತ್ತು ಎಣಿಸುತ್ತೇನೆ. ಏಳು ಎಂಟಕ್ಕೆ ಉತ್ತರ ಬರುತ್ತೆ.

ಆಮೇಲೆ, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. "ತಲೆ ತಿನ್ಬೇಡ" ಅಂದರೆ ಅವನು "ನಾನು ತಿಂದಿಲ್ಲ" ಅಂತಾನೆ. "ಒಂದು ನಿಮಿಷ ಬಂದೆ" ಅಂತ ಹೋದರೆ ಅರವತ್ತು ಎಣಿಸಿ ಬಾಗಿಲಿಗೆ ಬರುತ್ತಾನೆ. (ನ್ಯಾಯವಾಗಿ ನೋಡಿದರೆ ಸುಳ್ಳು ಹೇಳಿದವರು ನಾವೇ!) "ಟೀ ಬೇಕಾ?" ಅಂದರೆ ಕೆಲವು ಸಲ ಅವನೂ "ಟೀ ಬೇಕಾ?" ಅನ್ನುತ್ತಾನೆ. ಅದು ಅಣಕವಲ್ಲ. ಬೇಕು ಅಂತಲೂ ಇರಬಹುದು. ಲೋಟ ತೋರಿಸಿ ಕೇಳಿದರೆ ಗೊತ್ತಾಗುತ್ತೆ.

ಹೀಗೆ ತೋರಿಸುವುದು, ಬರೆಯುವುದು ತುಂಬಾ ಜನಕ್ಕೆ ಅನುಕೂಲ. ಆಟಿಸಂ ಇರುವ ಅಮೆರಿಕದ ಟೆಂಪಲ್ ಗ್ರಾಂಡಿನ್ ಹುಟ್ಟಿದ್ದು 1947ರಲ್ಲಿ. ಅವರಿಗೆ ಮಾತು ಬಂದದ್ದು ತಡವಾಗಿ. ಮುಂದೆ ಪಶುವಿಜ್ಞಾನದ ಪ್ರೊಫೆಸರ್ ಆದರು. ತಾವು ಯೋಚಿಸುವುದು ಮಾತಿನಲ್ಲಲ್ಲ, ಚಿತ್ರಗಳಲ್ಲಿ ಅಂತ 1995ರ ಪುಸ್ತಕದಲ್ಲಿ ಬರೆದಿದ್ದಾರೆ. ದನ ದಾರಿಯಲ್ಲಿ ಯಾಕೆ ನಿಂತುಬಿಡುತ್ತೆ ಅಂತ ಅವರು ದನದ ಕಣ್ಣಿನಿಂದಲೇ ನೋಡಿ ಕಂಡುಹಿಡಿದರು: ಒಂದು ನೆರಳು, ನೇತಾಡುವ ಸರಪಳಿ ಸಾಕಂತೆ! ಆಟಿಸಂ ಇರುವವರೆಲ್ಲ ಹೀಗೇ ಯೋಚಿಸುತ್ತಾರೆ ಅಂತಲ್ಲ. ಒಬ್ಬೊಬ್ಬರದು ಒಂದೊಂದು ಥರ.

"ಮುಖ ನೋಡಿ ಮಾತಾಡು" ಅಂತ ಒತ್ತಾಯ ಬೇಡ. ಕಣ್ಣು ನೋಡುವುದೇ ಕಷ್ಟವಾದರೆ ಮಾತು ಕಿವಿಗೆ ಹೋಗಲ್ಲ. ಹಿಂದಿನಿಂದ ಬಂದು ಹೆಗಲ ಮೇಲೆ ಕೈ ಹಾಕುವುದೂ ಬೇಡ. ಸ್ವತಃ ಆಟಿಸಂ ಇರುವ ಬ್ರಿಟನ್ನಿನ ಡೇಮಿಯನ್ ಮಿಲ್ಟನ್ 2012ರಲ್ಲಿ ಒಂದು ಮಾತು ಬರೆದರು: ಅರ್ಥ ಮಾಡಿಕೊಳ್ಳುವ ತೊಂದರೆ ಒಂದು ಕಡೆಯದಲ್ಲ, ಎರಡೂ ಕಡೆಯದು. ನನಗೆ ಇದು ಸರಿ ಅನ್ನಿಸುತ್ತೆ. ಅವನು ನಮ್ಮ ಮಾತು ಕಲಿಯಲು ಇಷ್ಟು ವರ್ಷದಿಂದ ಕಷ್ಟಪಡುತ್ತಿದ್ದಾನೆ, ನಾವು ಅವನದನ್ನು ಎಷ್ಟು ಕಲಿತಿದ್ದೇವೆ?

ಅವನು ಎದುರಿಗೇ ಇರುವಾಗ ಚಿಕ್ಕಮ್ಮನನ್ನು "ಇವನಿಗೆ ಅರ್ಥ ಆಗುತ್ತಾ?" ಅಂತ ಕೇಳುವವರಿದ್ದಾರೆ. ನನಗೆ ಸಿಟ್ಟು ಬರುವುದು ಇದಕ್ಕೇ. ಮಾತು ಕಡಿಮೆ ಇದ್ದರೆ ತಿಳಿವಳಿಕೆ ಕಡಿಮೆ ಅಂತಲ್ಲ. ಹೆಸರು ಹಿಡಿದು ಅವನನ್ನೇ ಕೇಳಿ. 13 ವರ್ಷದವನಿಗೆ "ಚಿನ್ನು, ಪುಟ್ಟು" ಬೇಡ.

ಮೇಷ್ಟ್ರುಗಳಲ್ಲಿ ಒಂದು ಬಿನ್ನಹ. ಅವನಿಗೆ ಗಂಟೆ ಸದ್ದು ತಡೆಯಲಾಗುವುದಿಲ್ಲ. ಎಂಟನೇ ಕ್ಲಾಸನ್ನು ಗಂಟೆಯಿಂದ ದೂರದ ಕೋಣೆಗೆ ಹಾಕಿದರೆ ಒಳ್ಳೆಯದು. ಪೀರಿಯಡ್ ಬದಲಾಗುವುದಿದ್ದರೆ ಹಿಂದಿನ ದಿನವೇ ಬೋರ್ಡಿನಲ್ಲಿ ಬರೆಯಿರಿ.

ಗೆಳೆಯರೇ, ಅವನಿಗೆ ನಮ್ಮೂರಿನ ಬಸ್ಸುಗಳ ಟೈಮೆಲ್ಲ ಬಾಯಿಪಾಠ. ಮಾತು ಹೇಗೆ ಶುರು ಮಾಡೋದು ಅಂತ ಗೊತ್ತಾಗದಿದ್ದರೆ, "ಮೈಸೂರಿಗೆ ಮೊದಲನೇ ಬಸ್ಸು ಎಷ್ಟೊತ್ತಿಗೆ?" ಅಂತ ಕೇಳಿ. ಕೇಳಿ ಹತ್ತು ಎಣಿಸಿ.