ಎರಡನೇ ಭಾಗ ಏಕೆ ಸಪ್ಪೆಯಾಗುತ್ತದೆ?

ಪ್ರೇಮಕಥೆಗೆ ಮಾಯಾಲೋಕ ಬೆರೆಸಿ ಬರೆದ ಸರಣಿ ಕಾದಂಬರಿಗಳು ನಮ್ಮ ವಯಸ್ಸಿನವರಿಗೆ ತುಂಬಾ ಇಷ್ಟ. ಮೊದಲ ಭಾಗವನ್ನು ಪರೀಕ್ಷೆ ಹತ್ತಿರವಿದ್ದರೂ ಎರಡೇ ದಿನದಲ್ಲಿ ಮುಗಿಸುತ್ತೇವೆ. ಎರಡನೇ ಭಾಗ ಮಾತ್ರ ಎಷ್ಟೋ ಸಲ ಅರ್ಧಕ್ಕೇ ನಿಲ್ಲುತ್ತದೆ. ಹೀಗೇಕೆ ಎಂಬುದನ್ನು ಒಂದು ಪ್ರಸಿದ್ಧ ಉದಾಹರಣೆಯ ಮೂಲಕ ನೋಡೋಣ.

ಅಮೆರಿಕದ ಲೇಖಕಿ ಸ್ಟೆಫನಿ ಮೇಯರ್ ಅವರ ‘ಟ್ವೈಲೈಟ್’ 2005ರಲ್ಲಿ ಪ್ರಕಟವಾಯಿತು. ಸದಾ ಮಳೆ ಸುರಿಯುವ ಫೋರ್ಕ್ಸ್ ಎಂಬ ಸಣ್ಣ ಊರಿಗೆ ಬೆಲ್ಲಾ ಬರುತ್ತಾಳೆ. ಅವಳ ಸಹಪಾಠಿ ಎಡ್ವರ್ಡ್ ಒಬ್ಬ ರಕ್ತಪಿಶಾಚಿ. ಈ ಗುಟ್ಟು ಸ್ವಲ್ಪ ಸ್ವಲ್ಪವೇ ಬಯಲಾಗುವುದೇ ಕಥೆಯ ಸ್ವಾರಸ್ಯ. ಮರುವರ್ಷ, 2006ರಲ್ಲಿ, ‘ನ್ಯೂ ಮೂನ್’ ಬಂತು. ಹೆಸರಿನ ಅರ್ಥ ಅಮಾವಾಸ್ಯೆ.

ಇದರಲ್ಲಿ ಬೆಲ್ಲಾಳ ಹುಟ್ಟುಹಬ್ಬದ ದಿನ ಉಡುಗೊರೆಯ ಕಾಗದ ತಾಗಿ ಅವಳ ಬೆರಳು ಕುಯ್ಯುತ್ತದೆ. ರಕ್ತದ ವಾಸನೆಗೆ ಎಡ್ವರ್ಡ್‌ನ ಮನೆಯವನೊಬ್ಬ ಅವಳ ಮೇಲೆರಗುತ್ತಾನೆ. ತನ್ನ ಜೊತೆಗಿದ್ದರೆ ಅವಳಿಗೆ ಅಪಾಯವೆಂದು ಯೋಚಿಸಿದ ಎಡ್ವರ್ಡ್, ನೀನು ನನಗೆ ಬೇಡ ಎಂದು ಸುಳ್ಳು ಹೇಳಿ ಊರು ಬಿಡುತ್ತಾನೆ. ಮತ್ತೆ ಅವನು ಬರುವುದು ಕೊನೆಯ ಭಾಗದಲ್ಲಿ.

ನಿರಾಸೆಗೆ ಮೊದಲ ಕಾರಣ ಇಲ್ಲಿದೆ. ಪ್ರೇಮಕಥೆಯನ್ನು ಓಡಿಸುವುದು ‘ಇವರು ಒಂದಾಗುತ್ತಾರಾ?’ ಎಂಬ ಪ್ರಶ್ನೆ. ಅದಕ್ಕೆ ಮೊದಲ ಭಾಗದಲ್ಲೇ ಉತ್ತರ ಸಿಕ್ಕಿರುತ್ತದೆ. ಆದ್ದರಿಂದ ಲೇಖಕರು ಜೋಡಿಯನ್ನು ಬೇರ್ಪಡಿಸುತ್ತಾರೆ. ಓದುಗರು ಬಂದದ್ದೇ ಆ ಜೋಡಿಗಾಗಿ. ಎರಡನೇ ಕಾರಣ, ಗುಟ್ಟು ಈಗಾಗಲೇ ಗೊತ್ತು. ಹೊಸ ಬೆರಗು ಬೇಕು. ‘ನ್ಯೂ ಮೂನ್’ನಲ್ಲಿ ತೋಳಮಾನವರೂ ಇಟಲಿಯ ವೊಲ್ಟುರಿಗಳೂ ಇದ್ದಾರೆ, ಆದರೆ ಅವರಿಗಾಗಿ ಬಹಳ ಹೊತ್ತು ಕಾಯಬೇಕು.

ಮೂರನೇ ಕಾರಣ ನನಗೆ ದೊಡ್ಡದಾಗಿ ಕಾಣುತ್ತದೆ. ಎಡ್ವರ್ಡ್ ಹೋದ ಮೇಲೆ ಕೆಲವು ಪುಟಗಳಲ್ಲಿ ತಿಂಗಳ ಹೆಸರು ಬಿಟ್ಟರೆ ಬೇರೇನೂ ಇಲ್ಲ. ದುಃಖವನ್ನು ಹಾಗೆ ತೋರಿಸಿದ್ದು ಚೆನ್ನಾಗಿದೆ. ಆದರೆ ನಂತರ, ಅಪಾಯದಲ್ಲಿದ್ದಾಗ ಅವನ ದನಿ ಕೇಳಿಸುತ್ತದೆಂದು ಬೆಲ್ಲಾ ಬೇಕೆಂದೇ ಬೈಕಿನಲ್ಲಿ ಸಾಹಸ ಮಾಡುತ್ತಾಳೆ, ಬಂಡೆಯ ಮೇಲಿಂದ ಸಮುದ್ರಕ್ಕೆ ಹಾರುತ್ತಾಳೆ. ಮೊದಲ ಭಾಗದಲ್ಲಿ ಅನುಮಾನಪಟ್ಟು, ಹುಡುಕಿ, ಗುಟ್ಟು ಕಂಡುಹಿಡಿದ ಹುಡುಗಿ ಇವಳೇನಾ? ಗೆಳೆಯ ಜೇಕಬ್ ಜೊತೆ ಹಳೆಯ ಬೈಕ್ ರಿಪೇರಿ ಮಾಡುತ್ತಾ ಅವಳು ನಗುವ ಪುಟಗಳೇ ಪುಸ್ತಕದ ಜೀವ. ಆ ಸ್ನೇಹವೂ ಬೇಗ ಪ್ರೇಮದ ಜಗಳಕ್ಕೆ ಸಿಕ್ಕಿಬಿಡುತ್ತದೆ. ಹುಡುಗನೊಬ್ಬ ಬಿಟ್ಟುಹೋದರೆ ಜೀವವೇ ಬೇಡ ಎನ್ನುವುದನ್ನು ಪ್ರೀತಿಯ ಅಳತೆ ಎಂದು ನಾವು, ಅದರಲ್ಲೂ ಹುಡುಗಿಯರು, ಒಪ್ಪಬಾರದು.

ಹಾಗಾದರೆ ಇಂಥ ಭಾಗಗಳು ಮಾರಾಟವಾಗುವುದು ಹೇಗೆ? ‘ಟ್ವೈಲೈಟ್’ ಚಿತ್ರ 2008ರಲ್ಲಿ ಬಂದು ಜಗತ್ತಿನಾದ್ಯಂತ ಸುಮಾರು 40 ಕೋಟಿ ಡಾಲರ್ ಗಳಿಸಿತು. 2009ರ ‘ನ್ಯೂ ಮೂನ್’ ಚಿತ್ರ ಸುಮಾರು 70 ಕೋಟಿ ಗಳಿಸಿತು. ಕಾಮರ್ಸ್‌ನವರಿಗೆ ಉತ್ತರ ಸುಲಭ: ಗುಡ್‌ವಿಲ್. ಅಕೌಂಟೆನ್ಸಿಯಲ್ಲಿ ಸರಾಸರಿ ಲಾಭದ ವಿಧಾನದಿಂದ ಗುಡ್‌ವಿಲ್ ಲೆಕ್ಕ ಹಾಕುವಾಗ ಹಿಂದಿನ ವರ್ಷಗಳ ಲಾಭ ನೋಡುತ್ತೇವೆ. ಓದುಗರೂ ಹಾಗೆಯೇ, ಹಿಂದಿನ ಭಾಗ ಕೊಟ್ಟ ಸಂತೋಷ ನೋಡಿ ಮುಂದಿನದನ್ನು ಕೊಳ್ಳುತ್ತಾರೆ. ಮಾರಾಟ ಹೆಚ್ಚಿದೆ ಎಂದ ಮಾತ್ರಕ್ಕೆ ಓದಿದವರಿಗೆಲ್ಲ ತೃಪ್ತಿಯಾಗಿದೆ ಎಂದಲ್ಲ.

ಕಥೆ ಎಳೆಯುವುದೇ ತಪ್ಪು ಎನ್ನಲಾಗದು. ಉರ್ದುವಿನ ‘ತಿಲಿಸ್ಮ್-ಎ-ಹೋಶ್‌ರುಬಾ’ವನ್ನೇ ನೋಡಿ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಲಖನೌದ ನವಲ್ ಕಿಶೋರ್ ಪ್ರೆಸ್ ಇದರ ದೊಡ್ಡ ದೊಡ್ಡ ಸಂಪುಟಗಳನ್ನು ಅಚ್ಚುಹಾಕಿತು. ಅದರಲ್ಲೂ ಪ್ರೇಮ, ಮಾಯೆ, ಯುದ್ಧ ಎಲ್ಲ ಇವೆ. ಕಥೆಯನ್ನು ಬೇಕೆಂದೇ ತಡೆದು ನಿಲ್ಲಿಸುವುದು ದಾಸ್ತಾನ್‌ಗೋಗಳ ಒಂದು ಕಲೆಯಾಗಿತ್ತು. ಆದರೆ ಕಾಯುವ ಹೊತ್ತು ಖಾಲಿ ಇರುತ್ತಿರಲಿಲ್ಲ. ಅಮರ್ ಅಯ್ಯಾರ್ ವೇಷ ಬದಲಿಸಿ, ಏನು ಹಾಕಿದರೂ ತುಂಬದ ತನ್ನ ಜಂಬೀಲ್ ಚೀಲ ಹಿಡಿದು ಹೊರಟರೆ ನಗು, ಮೋಸ, ಸಾಹಸ ಶುರು.

ಆದ್ದರಿಂದ ಗೆಳೆಯ ಗೆಳತಿಯರೇ, ಸರಣಿಯ ಎರಡನೇ ಭಾಗ ಕೈಗೆತ್ತಿಕೊಂಡಾಗ ಒಂದು ಪ್ರಶ್ನೆ ಕೇಳಿ: ನಾಯಕ ಇಲ್ಲದ ಪುಟಗಳಲ್ಲಿ ನಾಯಕಿ ಏನು ಮಾಡುತ್ತಿದ್ದಾಳೆ? ಉತ್ತರ ಸಿಕ್ಕರೆ ಮೂರನೆಯದನ್ನು ಕೊಳ್ಳಿ. ಸಿಗದಿದ್ದರೆ ಅದನ್ನು ಲೈಬ್ರರಿಯಿಂದ ತಂದರೆ ಸಾಕು.