ಜಾತ್ರೆಯ ಕ್ಯಾಂಪು: ದಾವಣಗೆರೆ ಸೀಮೆಯ ಕಂಪನಿ ನಾಟಕ ಮತ್ತು ಅದರ ಪ್ರೇಕ್ಷಕ

ನಗರಗಳ ಬೆಡಗನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ರಾಜಧಾನಿಗಳನ್ನೇ ಆರಿಸಿಕೊಳ್ಳುವುದುಂಟು. ಮೈಸೂರಿನ ದಸರಾ, ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಿಂದ ನಡೆದುಬಂದಿರುವ ರಾಮನವಮಿಯ ಸಂಗೀತೋತ್ಸವ, ಇವುಗಳ ವಿಷಯವಾಗಿ ನಮ್ಮಲ್ಲಿ ಬೇಕಾದಷ್ಟು ಬರೆಹವಿದೆ. ಆದರೆ ಅರಮನೆಯಿಲ್ಲದ, ಆಸ್ಥಾನವಿಲ್ಲದ, ಹತ್ತಿಯ ಗಿರಣಿಗಳಿಂದಲೂ ಮಂಡಿಯ ವ್ಯಾಪಾರದಿಂದಲೂ ಬೆಳೆದ ಊರೊಂದಕ್ಕೆ ಸುತ್ತಣ ಹಳ್ಳಿಗಳ ಜನ ರಾತ್ರಿಯ ಸಂತೋಷವನ್ನು ಅರಸಿಕೊಂಡು ಬರುವುದಾದರೆ, ಆ ಸಂತೋಷವನ್ನು ಒದಗಿಸುವವರು ಯಾರು, ಅದರ ವೆಚ್ಚವನ್ನು ಹೊರುವವರು ಯಾರು ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಪ್ರಕೃತ ಲೇಖನದಲ್ಲಿ ದಾವಣಗೆರೆಯ ದುಗ್ಗಮ್ಮನ ಜಾತ್ರೆಯನ್ನೂ ಆ ಸಮಯಕ್ಕೆ ಬಂದಿಳಿಯುವ ನಾಟಕ ಕಂಪನಿಗಳನ್ನೂ ನಿದರ್ಶನವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ವಿವೇಚಿಸುವೆವು. ನಾವು ನೋಡುವುದು ಪಟ್ಟಣದ ಕಡೆಯಿಂದಲ್ಲ, ಕುಕ್ಕುವಾಡದಂಥ ಹಳ್ಳಿಯ ಕಡೆಯಿಂದ.

ಮೊದಲು ಭೂಗೋಳವನ್ನು ಸ್ವಲ್ಪ ಗಮನಿಸಬೇಕು. ಈಗಿನ ದಾವಣಗೆರೆ ಜಿಲ್ಲೆಯು ಹುಟ್ಟಿದ್ದು 1997ರಲ್ಲಿ. ಅದಕ್ಕೆ ಮುಂಚೆ ದಾವಣಗೆರೆಯೂ ಹರಿಹರವೂ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದುವು. ಹರಿಹರದ ಬಳಿ ಹರಿಯುವ ತುಂಗಭದ್ರೆಯು 1956ರ ಏಕೀಕರಣದವರೆಗೆ ಬರಿಯ ಹೊಳೆಯಾಗಿರಲಿಲ್ಲ, ಗಡಿಯೂ ಆಗಿತ್ತು. ಈಚೆಯ ದಡದಲ್ಲಿ ಮೈಸೂರು ಸಂಸ್ಥಾನ. ಆಚೆಯ ದಡದಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ ಧಾರವಾಡ ಜಿಲ್ಲೆ. ರಾಜಕೀಯ ಭೂಪಟದಲ್ಲಿ ಇದು ಅಂಚು. ಆದರೆ ನಾಟಕದ ಭೂಪಟವನ್ನು ಬರೆದರೆ ಇದುವೇ ನಡುವಾಗುವುದು.

ಕನ್ನಡದ ವೃತ್ತಿರಂಗಭೂಮಿಯು ಎರಡು ಕಡೆಗಳಿಂದ ಬೆಳೆದುಬಂತೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಉತ್ತರದಲ್ಲಿ ಮರಾಠಿ ಸಂಗೀತ ನಾಟಕದ ಪ್ರಭಾವವೂ ಅದಕ್ಕೆ ಎದುರಾಗಿ ಕನ್ನಡದಲ್ಲಿಯೇ ಆಡಬೇಕೆಂಬ ಛಲವೂ ಕೂಡಿ ಗದುಗಿನಲ್ಲಿ ಶಾಂತಕವಿಗಳ ಮಂಡಳಿ ಹುಟ್ಟಿತು. ಮುಂದೆ ಗರುಡ ಸದಾಶಿವರಾಯರು, ವಾಮನರಾವ್ ಮಾಸ್ತರರು, ಕೊಣ್ಣೂರು ಕಂಪನಿಯವರು, ತರುವಾಯ ಏಣಗಿ ಬಾಳಪ್ಪನವರು ಆ ಮಾರ್ಗವನ್ನು ಬೆಳೆಸಿದರು. ದಕ್ಷಿಣದಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದ ಅರಮನೆಯ ಕಂಪನಿ, ಬಸವಪ್ಪಶಾಸ್ತ್ರಿಗಳ ಶಾಕುಂತಲ, ವರದಾಚಾರ್ಯರ ಗಾಯನ, 1884ರಲ್ಲಿ ಆರಂಭವಾದ ಗುಬ್ಬಿಯ ಕಂಪನಿ. ಉತ್ತರದವರ ಹಾಡಿನಲ್ಲಿ ಹಿಂದುಸ್ತಾನಿಯ ಪಲುಕು, ದಕ್ಷಿಣದವರ ಹಾಡಿನಲ್ಲಿ ಕರ್ನಾಟಕ ಪದ್ಧತಿಯ ರಾಗಭಾವ. ಬೆಂಗಳೂರು-ಹುಬ್ಬಳ್ಳಿ ರೈಲುದಾರಿಯಲ್ಲಿ ಈ ಎರಡು ಕಡೆಯವರಿಗೂ ತಂಗುದಾಣವಾಗಿ ಒದಗಿದ ಊರುಗಳಲ್ಲಿ ದಾವಣಗೆರೆ ಒಂದು. ಇಲ್ಲಿಯ ಪ್ರೇಕ್ಷಕನ ಕಿವಿ ಎರಡನ್ನೂ ಕೇಳಿ ಬಲಿತದ್ದು. ಚಿಂದೋಡಿ ವೀರಪ್ಪನವರ ಕೆ. ಬಿ. ಆರ್. ಡ್ರಾಮಾ ಕಂಪನಿ ಇಂಥ ನೆಲದಲ್ಲಿ ಬೇರೂರಿ, ಅವರ ಮಗಳು ಚಿಂದೋಡಿ ಲೀಲಾ ಅವರ ಕಾಲದಲ್ಲಿ ನಾಡೆಲ್ಲ ಸುತ್ತಿದುದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಲೀಲಾ ಅವರು 1988ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದರು, 2010ರಲ್ಲಿ ತೀರಿಕೊಂಡರು.

ಇನ್ನು ಜಾತ್ರೆ. ನಗರದೇವತೆಯಾದ ದುರ್ಗಾಂಬಿಕೆಯ ಗುಡಿ ಹಳೆಯ ದಾವಣಗೆರೆಯಲ್ಲಿದೆ. ಜನರ ಬಾಯಲ್ಲಿ ಆಕೆ ದುಗ್ಗಮ್ಮ. ಜಾತ್ರೆ ನಡೆಯುವುದು ಎರಡು ವರ್ಷಕ್ಕೊಮ್ಮೆ, ಬೇಸಗೆಯ ಮೊದಲಿನಲ್ಲಿ. ಆ ದಿನಗಳಲ್ಲಿ ಊರಿನ ಬಹುಪಾಲು ಮನೆಗಳು ನೆಂಟರಿಂದ ತುಂಬುವುವು. ಬೀಗರು, ಅಳಿಯಂದಿರು, ಹೆಣ್ಣು ಕೊಟ್ಟ ಹಳ್ಳಿಯವರು, ಹೆಣ್ಣು ತಂದ ಹಳ್ಳಿಯವರು, ಎಲ್ಲರನ್ನೂ ಊಟಕ್ಕೆ ಕರೆಯುವುದು ಮನೆಯ ಮರ್ಯಾದೆಯ ಪ್ರಶ್ನೆ. ಹಗಲು ದೇವಿಯ ದರ್ಶನ, ಮಧ್ಯಾಹ್ನ ಊಟ, ಸಂಜೆ ಬಯಲು ಕುಸ್ತಿ ಅಥವಾ ಅಂಗಡಿ ಬೀದಿ, ಮಂಡಕ್ಕಿ ಮಿರ್ಚಿ, ರಾತ್ರಿಗೆ ನಾಟಕ. ಬಂದ ನೆಂಟರನ್ನು ನಾಟಕಕ್ಕೆ ಕರೆದೊಯ್ಯುವುದು ಉಪಚಾರದ ಮುಂದುವರಿದ ಭಾಗವೇ ಆಗಿದ್ದುದರಿಂದ ಟಿಕೇಟಿನ ದುಡ್ಡನ್ನು ಆತಿಥೇಯನೇ ಕೊಡುವನು. ಇದು ಸಣ್ಣ ಸಂಗತಿಯಂತೆ ಕಂಡರೂ ಸಣ್ಣದಲ್ಲ. ನಗರದ ಒಬ್ಬೊಬ್ಬ ಗೃಹಸ್ಥನು ತನ್ನ ನೆಂಟರಿಗಾಗಿ ಕೊಂಡ ಟಿಕೇಟುಗಳೇ ಕಂಪನಿಯ ಆ ವರ್ಷದ ಆಯುಷ್ಯವನ್ನು ನಿರ್ಣಯಿಸುತ್ತಿದ್ದುವು.

ಕಂಪನಿಯ ಆಡುನುಡಿಯಲ್ಲಿ ಒಂದು ಊರಿನಲ್ಲಿ ನೆಲೆಯೂರಿ ಆಡುವ ಅವಧಿಗೆ 'ಕ್ಯಾಂಪು' ಎಂದು ಹೆಸರು. ಕ್ಯಾಂಪಿನ ವ್ಯವಸ್ಥೆಯನ್ನು ಇಲ್ಲಿ ತುಸು ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ನಾಟಕದ ಪಠ್ಯವನ್ನು ಮಾತ್ರ ಓದುವ ನಮ್ಮ ವಿದ್ಯಾರ್ಥಿಗಳಿಗೆ ಇದು ತಿಳಿಯದೆ ಉಳಿಯುವ ಭಾಗ. ಮೊದಲು ಜಾಗವನ್ನು ಗೊತ್ತುಮಾಡಿ ಬಾಡಿಗೆ ಕೊಟ್ಟು, ಅಪ್ಪಣೆಯ ಕಾಗದ ಪತ್ರಗಳನ್ನು ಮಾಡಿಸಿಕೊಳ್ಳಬೇಕು. ಆಮೇಲೆ ಮರದ ಕಂಬ, ಬೊಂಬು, ತಗಡುಗಳಿಂದ ಥಿಯೇಟರು ಏಳುವುದು. ಕಲಾವಿದರ ಸಂಸಾರಗಳು ಅದರ ಹಿಂದೆಯೋ ಪಕ್ಕದಲ್ಲಿಯೋ ಗುಡಿಸಲು ಹೂಡುವುವು. ನಟರು, ವಾದ್ಯದವರು, ಪರದೆ ಎಳೆಯುವವರು, ಗೇಟು ಕಾಯುವವರು, ಅಡುಗೆಯವರು, ಮಕ್ಕಳು ಮರಿ, ಎಲ್ಲ ಸೇರಿದ ಒಂದು ಸಣ್ಣ ಊರೇ ಅದು. ಆ ಊರಿನವರೆಲ್ಲ ಉಣ್ಣಬೇಕಾದುದು ಆ ರಾತ್ರಿಯ 'ಕಲೆಕ್ಷನ್'ನಿಂದ. ಒಂದು ಅಕಾಲದ ಮಳೆ ಬಂದು ತಗಡಿನ ಮೇಲೆ ಸುರಿಯಿತೆಂದರೆ ಮಾತೂ ಕೇಳಿಸದು, ಜನವೂ ಬಾರರು. ಆದರೆ ಸಂಬಳದ ಲೆಕ್ಕ ನಿಲ್ಲದು.

ಒಳಗಿನ ಆಸನದ ಕ್ರಮವೂ ಗಮನಿಸತಕ್ಕದ್ದು. ರಂಗಕ್ಕೆ ಹತ್ತಿರ ಕುರ್ಚಿ, ಅದರ ಹಿಂದೆ ಬೆಂಚು, ಎಲ್ಲಕ್ಕೂ ಹಿಂದೆ ನೆಲ ಅಥವಾ ಗ್ಯಾಲರಿ. ದರವೂ ಅದೇ ಕ್ರಮದಲ್ಲಿ ಇಳಿಯುವುದು. ಚಲಚ್ಚಿತ್ರಮಂದಿರದಲ್ಲಿ ಇದು ತಿರುಗುಮುರುಗು: ಅಲ್ಲಿ ತೆರೆಗೆ ಹತ್ತಿರವಾದುದೇ ಅಗ್ಗ. ಬೆಳ್ಳಿತೆರೆಯ ಬಿಂಬವು ದೊಡ್ಡದು, ದೂರದಿಂದ ನೋಡಿದರೇ ಕಣ್ಣಿಗೆ ಹಿತ. ರಂಗದ ಮೇಲಿನ ಮುಖವು ಮನುಷ್ಯನ ಅಳತೆಯದು, ಹತ್ತಿರ ಹೋದಷ್ಟೂ ಲಾಭ. ಆದುದರಿಂದ ನಾಟಕದಲ್ಲಿ ಬಡ ಪ್ರೇಕ್ಷಕನು ಕಟ್ಟಕಡೆಯಲ್ಲಿ ಕುಳಿತನು, ನಟನು ಅವನನ್ನು ಮುಟ್ಟುವಂತೆ ಧ್ವನಿಯನ್ನು ಎತ್ತಬೇಕಾಯಿತು. ಕಂಪನಿಯ ನಟರದು 'ಕೂಗಾಟದ ಅಭಿನಯ'ವೆಂದು ವಿದ್ಯಾವಂತರು ಆಕ್ಷೇಪಿಸುವುದುಂಟು. ಧ್ವನಿವರ್ಧಕವಿಲ್ಲದ ಕಾಲದಲ್ಲಿ, ಅತಿ ಕಡಿಮೆ ದುಡ್ಡು ಕೊಟ್ಟವನಿಗೂ ಪೂರ್ತಿ ಮಾತನ್ನು ಸಲ್ಲಿಸಬೇಕೆಂಬ ಕಟ್ಟುಪಾಡು ಆ ಕೂಗಿನ ಹಿಂದೆ ಇತ್ತೆಂಬುದನ್ನು ಆಕ್ಷೇಪಿಸುವವರು ಮರೆಯಬಾರದು. ಗ್ಯಾಲರಿಯವನು 'ಒನ್ಸ್ ಮೋರ್' ಎಂದರೆ ಸತ್ತು ಬಿದ್ದ ಪಾತ್ರವೂ ಎದ್ದು ಹಾಡಬೇಕಾಗಿತ್ತೆಂಬ ಹಾಸ್ಯ ಪ್ರಸಿದ್ಧವಾದುದೇ.

ಬೆಡಗಿನ ಮಾತಿಗೆ ಬರೋಣ. ಹಳ್ಳಿಯವನು ಪಟ್ಟಣದಲ್ಲಿ ನೋಡಬಯಸಿದ್ದು ತನ್ನ ಊರಿನಲ್ಲಿ ಕಾಣದುದನ್ನು. ಗುಬ್ಬಿ ವೀರಣ್ಣನವರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. 1934ರ 'ಕುರುಕ್ಷೇತ್ರ'ದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಬಣ್ಣದ ಪರದೆಗಳು, ಅರಮನೆಯ ಸೀನು, ಕಾಡಿನ ಸೀನು, ಬೀದಿಯ ಸೀನು, ಝಗಝಗಿಸುವ ದೀಪ, ಜರಿಯ ಉಡುಪು: ಅರಮನೆಯಿಲ್ಲದ ದಾವಣಗೆರೆಗೆ ಒಂದು ತಿಂಗಳ ಮಟ್ಟಿಗೆ ಅರಮನೆಯನ್ನು ಕಟ್ಟಿಕೊಟ್ಟವರು ಈ ಕಂಪನಿಯವರು. ತಾರೆಯರೂ ಆಗ ಇಲ್ಲಿಯವರೇ. ಕನ್ನಡದ ಮೊದಲ ತಲೆಮಾರಿನ ಚಿತ್ರನಟರಲ್ಲಿ ಅನೇಕರು ಕಂಪನಿಯ ಅನ್ನ ಉಂಡವರು. ಮುತ್ತುರಾಜ್ ಎಂಬ ನಟರು 1954ರಲ್ಲಿ ತೆರೆಕಂಡ 'ಬೇಡರ ಕಣ್ಣಪ್ಪ'ದಿಂದ ರಾಜಕುಮಾರ್ ಎನಿಸಿದರು. ನರಸಿಂಹರಾಜು, ಬಾಲಕೃಷ್ಣ, ಜಿ. ವಿ. ಅಯ್ಯರ್ ಇವರೂ ನಾಟಕದಿಂದಲೇ ಹೋದವರು.

ಹೀಗೆ ಹೋದವರ ಕೀರ್ತಿಯು ಕೆಲವು ಕಾಲದ ಮೇಲೆ ಕಂಪನಿಗೆ ಮರಳಿ ಬಂದ ಬಗೆ ವಿಚಿತ್ರವಾದುದು. ಚಲಚ್ಚಿತ್ರದಿಂದ ಪ್ರೇಕ್ಷಕರು ತಗ್ಗಿದಾಗ ಮಾಲೀಕರು ಜಾತ್ರೆಯ ದಿನಗಳಿಗೆಂದು ಚಿತ್ರನಟರನ್ನು 'ಅತಿಥಿ ನಟ'ರಾಗಿ ಕರೆಸತೊಡಗಿದರು. ಭಿತ್ತಿಪತ್ರದಲ್ಲಿ ನಾಟಕದ ಹೆಸರಿಗಿಂತ ಅತಿಥಿಯ ಚಿತ್ರ ದೊಡ್ಡದಾಯಿತು. ಬಾದಾಮಿಯ ಬಳಿಯ ಬನಶಂಕರಿ ಜಾತ್ರೆಯಲ್ಲಿ, ಅನೇಕ ಕಂಪನಿಗಳು ಒಂದೇ ಬಯಲಿನಲ್ಲಿ ಸ್ಪರ್ಧಿಸುವುದರಿಂದ, ಈ ರೂಢಿ ಎದ್ದು ಕಾಣುವುದು. ಆ ದಿನಗಳಲ್ಲಿ ಪ್ರದರ್ಶನಗಳ ಸಂಖ್ಯೆ ಹೆಚ್ಚಿ ರಾತ್ರಿಯೆಲ್ಲ ನಾಟಕ ನಡೆಯುವುದುಂಟು. ಅತಿಥಿಯು ಎರಡು ದೃಶ್ಯದಲ್ಲಿ ಬಂದು ಹೋಗುವನು. ಉಳಿದ ಎರಡೂವರೆ ಗಂಟೆಯನ್ನು ಹೊರುವವರು ಕಂಪನಿಯ ಸಂಬಳದ ನಟನಟಿಯರು. ಇದರಲ್ಲಿ ಅನ್ಯಾಯವಿದೆಯೆಂದು ಒಮ್ಮೆಲೇ ಹೇಳಿಬಿಡಬಹುದು. ಆದರೆ ಅತಿಥಿಯ ಹೆಸರಿನಿಂದ ತುಂಬಿದ ಒಂದು ವಾರ ಉಳಿದ ಬಡ ತಿಂಗಳುಗಳನ್ನು ದಾಟಿಸುವುದೆಂದು ಕಂಪನಿಯವರು ಲೆಕ್ಕ ಹಾಕಿದರೆ ಅದನ್ನು ಪ್ರಾಧ್ಯಾಪಕರಾದ ನಾವು ತಿದ್ದಲು ಹೋಗುವುದು ಸಲ್ಲದು. ನಮಗೆ ಹೆಚ್ಚು ಕೆಟ್ಟದೆಂದು ತೋರುವುದು ಬೇರೆ: ಜನ ಸೆಳೆಯುವ ಆತುರದಲ್ಲಿ ಹಾಸ್ಯವು ಎರಡರ್ಥದ ಮಾತಿಗೆ ಇಳಿದು, ಹೆಂಗಸರು ಬೆಂಚನ್ನು ಬಿಟ್ಟುಹೋದುದು. ಮನೆಮಂದಿಯೆಲ್ಲ ಕೂಡಿ ನೋಡುವ ನಾಟಕಕ್ಕೆ ನೆಂಟರ ಟಿಕೇಟು ಹುಟ್ಟುತ್ತಿತ್ತು. ಗಂಡಸರು ಮಾತ್ರ ನೋಡುವ ನಾಟಕಕ್ಕೆ ಹುಟ್ಟಲಿಲ್ಲ.

ಇದೇ ಹೊತ್ತಿನಲ್ಲಿ ಹಳ್ಳಿಯ ಕಾಲಮಾನವೂ ಬದಲಾಯಿತು. ಕುಕ್ಕುವಾಡದ ಸುತ್ತಿನ ನೆಲಕ್ಕೆ ಭದ್ರಾ ನಾಲೆಯ ನೀರು ಬಂದ ಮೇಲೆ ರಾಗಿ ಜೋಳಗಳ ಜಾಗದಲ್ಲಿ ಬತ್ತ, ಕಬ್ಬು, ತರುವಾಯ ಅಡಕೆ ಬಂದುವು. ಮಳೆಯ ಬೇಸಾಯದಲ್ಲಿ ಸುಗ್ಗಿ ಮುಗಿದರೆ ಮುಂಗಾರಿನವರೆಗೆ ಬಿಡುವು. ಜಾತ್ರೆ ಆ ಬಿಡುವಿನ ನಡುವೆ ಬೀಳುತ್ತಿತ್ತು. ನೀರಾವರಿಯ ಬೇಸಗೆ ಬತ್ತವು ಅದೇ ತಿಂಗಳುಗಳಲ್ಲಿ ಗದ್ದೆಯಲ್ಲಿರುವುದು. ಕುಕ್ಕುವಾಡದ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗುವ ಕಾಲವೂ ಅದುವೇ. ಆದಕಾರಣ ಕೈಯಲ್ಲಿ ದುಡ್ಡು ಹೆಚ್ಚಿತು, ರಾತ್ರಿಗಳು ಕಡಿಮೆಯಾದುವು. ಹಿಂದೆ ಗಾಡಿ ಕಟ್ಟಿಕೊಂಡು ಬಂದವರು ಮೂರು ದಿನ ತಂಗುತ್ತಿದ್ದರು. ಈಗ ಮೋಟಾರು ಸೈಕಲ್ಲಿನಲ್ಲಿ ಬಂದವರು ಊಟ ಮುಗಿಸಿ ಅಂದೇ ಹಿಂದಿರುಗುವರು. ಸಾರಿಗೆಯ ಸೌಲಭ್ಯವು ಪಟ್ಟಣವನ್ನು ಹತ್ತಿರ ತಂದಷ್ಟೂ ಪಟ್ಟಣದ ರಾತ್ರಿಯನ್ನು ದೂರ ಮಾಡಿತು. ಕಂಪನಿಗಳ ಇಳಿಗಾಲಕ್ಕೆ ಸಿನಿಮಾ, ದೂರದರ್ಶನಗಳನ್ನಷ್ಟೇ ಕಾರಣವಾಗಿ ಹೇಳುವವರು ಈ ಅಂಶವನ್ನೂ ಪರಿಗಣಿಸಬೇಕೆಂಬುದು ನಮ್ಮ ಅಭಿಪ್ರಾಯ. 2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ನಿಮಿತ್ತ ಎಲ್ಲ ಕ್ಯಾಂಪುಗಳೂ ಒಮ್ಮೆಗೇ ಮುಚ್ಚಬೇಕಾಗಿ ಬಂದುದು ಮೊದಲೇ ಬಡಕಲಾಗಿದ್ದ ವೃತ್ತಿಗೆ ಬಿದ್ದ ಹೊಡೆತ.

ಈಗಿನ ಉತ್ಸವಗಳಲ್ಲಿ ವೆಚ್ಚವನ್ನು ಹೊರುವ ರೀತಿಯೇ ಬೇರೆ. ಹಂಪಿಯ ಉತ್ಸವವಾಗಲಿ ಮೈಸೂರಿನ ಯುವ ದಸರಾ ಆಗಲಿ ಸರ್ಕಾರದ ಹಣದಿಂದಲೂ ಪ್ರಾಯೋಜಕರ ಹಣದಿಂದಲೂ ನಡೆಯುವುವು. 2024ರ ಯುವ ದಸರಾಕ್ಕೆ ಇಳಯರಾಜ, ಎ. ಆರ್. ರೆಹಮಾನ್ ಮೊದಲಾದವರು ಬಂದರು. ಮುಂಭಾಗದ ಆಸನಗಳಿಗೆ ಸಾವಿರಾರು ರೂಪಾಯಿಗಳ ಟಿಕೇಟು, ಹಿಂದಿನ ಬಯಲು ಎಲ್ಲರಿಗೂ ಉಚಿತ. ಕಂಪನಿಯ ಕುರ್ಚಿ, ಗ್ಯಾಲರಿಗಳೇ ಇಲ್ಲಿ ಮತ್ತೆ ಕಾಣಿಸಿಕೊಂಡಂತೆ ತೋರಬಹುದು. ಆದರೆ ನಾಲ್ಕಾಣೆ ಕೊಟ್ಟ ಗ್ಯಾಲರಿಯವನಿಗೆ 'ಒನ್ಸ್ ಮೋರ್' ಎನ್ನುವ ಹಕ್ಕಿತ್ತು. ಉಚಿತವಾಗಿ ನಿಂತವನಿಗೆ ದೊಡ್ಡ ಪರದೆಯ ಮೇಲಿನ ಬಿಂಬವಿದೆ, ಹಕ್ಕಿಲ್ಲ. ಉಚಿತವಾದುದು ಕೂಡದೆಂದು ನಾವು ಹೇಳುತ್ತಿಲ್ಲ. ಬಡವನೂ ದೊಡ್ಡ ಗಾಯಕನನ್ನು ಕೇಳಲಿ. ಟಿಕೇಟನ್ನೇ ನಂಬಿದ ಕಲಾವಿದರು ಉಚಿತ ರಾತ್ರಿಯ ಪಕ್ಕದಲ್ಲಿ ಅಂಗಡಿ ತೆರೆಯಲಾರರು ಎಂಬುದನ್ನು ಮಾತ್ರ ಉತ್ಸವದ ಯೋಜನೆ ಮಾಡುವವರು ನೆನೆಯಬೇಕು. ವೃತ್ತಿರಂಗಭೂಮಿಗೆಂದೇ ಪ್ರತ್ಯೇಕ ರಂಗಾಯಣವೊಂದನ್ನು ಸರ್ಕಾರವು ದಾವಣಗೆರೆಗೆ ಕೊಟ್ಟಿದೆ. ಮೈಸೂರಿನ ರಂಗಾಯಣವನ್ನು 1989ರಲ್ಲಿ ಕಟ್ಟಿದ ಬಿ. ವಿ. ಕಾರಂತರೂ ಬಾಲ್ಯದಲ್ಲಿ ಗುಬ್ಬಿ ಕಂಪನಿಯ ಹುಡುಗರಲ್ಲಿ ಒಬ್ಬರಾಗಿದ್ದರೆಂಬುದನ್ನು ನೆನೆದರೆ ಈ ಸಂಬಂಧ ಹೊಸದಲ್ಲ.

ಕೊನೆಯದಾಗಿ ಹಳ್ಳಿಯ ರಂಗದ ವಿಷಯ. ಪಟ್ಟಣದಲ್ಲಿ ಕ್ಯಾಂಪು ತಗ್ಗಿದರೂ ಈ ಸೀಮೆಯ ಹಳ್ಳಿಗಳಲ್ಲಿ ಹಬ್ಬ ಜಾತ್ರೆಗಳಿಗೆ ಊರವರೇ ನಾಟಕವಾಡುವ ಪದ್ಧತಿ ನಿಂತಿಲ್ಲ. ಪುಸ್ತಕವು ಕಂಪನಿ ಮಾದರಿಯದೇ. ಹಾರ್ಮೋನಿಯಂ ಮಾಸ್ತರರು ತಿಂಗಳುಗಟ್ಟಲೆ ರಾತ್ರಿ ಬಂದು ಹಾಡು ಮಾತುಗಳನ್ನು ಕಲಿಸುವರು. ಪರದೆ, ದೀಪ, ಉಡುಪುಗಳನ್ನು ಬಾಡಿಗೆಗೆ ತರಿಸುವರು. ಪುರುಷಪಾತ್ರಗಳೆಲ್ಲ ಊರ ಗಂಡಸರವು. ಸ್ತ್ರೀಪಾತ್ರಗಳಿಗೆ ವೃತ್ತಿಯ ನಟಿಯರನ್ನು ಗೊತ್ತುಮಾಡುವರು. ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಊರವರ ನಡುವೆ ಈ ನಟಿಯು ಬಹುಮಟ್ಟಿಗೆ ಅದೇ ದಿನ ಸಂಜೆ ಬಸ್ಸಿನಿಂದ ಇಳಿಯುವಳು, ಮಾಸ್ತರರೊಡನೆ ಹಾಡಿನ ಶ್ರುತಿಯನ್ನು ಒಮ್ಮೆ ಹೊಂದಿಸಿಕೊಳ್ಳುವಳು, ಪುಸ್ತಕವನ್ನು ಒಮ್ಮೆ ತಿರುವಿ ಹಾಕುವಳು, ರಂಗಕ್ಕೆ ಹೋಗುವಳು. ಇದು ಸಾಧ್ಯವಾಗುವುದು ಈ ಸೀಮೆಯಲ್ಲಿ ಆಡುವ ನಾಟಕಗಳು ಕೆಲವೇ ಆಗಿರುವುದರಿಂದ, ಮತ್ತು ಅವುಗಳ ಪಾತ್ರಗಳು ಅವಳ ನೆನಪಿನಲ್ಲಿ ಸಾಲಾಗಿ ನಿಂತಿರುವುದರಿಂದ. ಎದುರಿನ ಹವ್ಯಾಸಿ ನಟನು ಮಾತು ಮರೆತರೆ ಅವನ ಮಾತನ್ನೂ ತನ್ನ ಮಾತಿನಲ್ಲಿ ಸೇರಿಸಿ ಕಥೆಯನ್ನು ಮುಂದಕ್ಕೆ ತಳ್ಳುವಳು. ಊರವರಿಗೆ ಅದು ತಿಳಿಯುವುದೂ ಇಲ್ಲ. ನಾಟಕ ಬೆಳಗಿನ ಜಾವಕ್ಕೆ ಮುಗಿಯುವುದು. ಬಣ್ಣ ತೊಳೆದು ಒಪ್ಪಂದದ ಹಣವನ್ನು ಎಣಿಸಿಕೊಂಡು, ಅವಳು ಮೊದಲ ಬಸ್ಸಿಗೆ ಹರಿಹರದ ಕಡೆಗೋ ದಾವಣಗೆರೆಯ ಕಡೆಗೋ ಹೊರಡುವಳು. ಅಂದು ರಾತ್ರಿ ಇನ್ನೊಂದು ಊರಿನಲ್ಲಿ ನಾಟಕವಿರುವುದು.